ಮೌಶಿ ಇಟ್ಟ ಹಸಿರು ಚುಕ್ಕಿ

ಮೊನ್ನೆ ಮಗಳು ಉಗುರಿಗೆ ಹಸಿರು ನೇಲ್ ಪಾಲಿಶ್ ಹಚ್ಚಿಕೊಳ್ಳುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ, ನಾನು ಎದ್ದು ಹೋಗಿ ಅವ್ವನ ಬಿಪಿ ಮಿಷನ್ ತೆಗೆದು ತಿರುವಿ ನೋಡಿದೆ. ಸೆಲ್ ಹಾಕುವ ಮುಚ್ಚಳದ ಮೂಲೆಯಲ್ಲಿ ಜೋಳದ ಕಾಳಿನಷ್ಟು ಒಂದು ಹಸಿರು ಚುಕ್ಕಿ. ಅರ್ಧ ಸವೆದಿದೆ. ಅದನ್ನಿಟ್ಟವರು ನಮ್ಮ ಎದುರು ಮನೆಯ ಮೌಶಿ.

ಆಗ ನಾವು ಬೈರಿದೇವರಕೊಪ್ಪಕ್ಕೆ ಬಂದು ಎರಡು ವರ್ಷವಾಗಿತ್ತು. ಮೌಶಿ ದಿನಾ ಬೆಳಿಗ್ಗೆ ತಾರಿಹಾಳದ ಒಂದು ಸಣ್ಣ ಕಾರ್ಖಾನೆಗೆ ಹೋಗುತ್ತಿದ್ದರು. ಅಲ್ಲಿ ನೀರೆತ್ತುವ ಪಂಪಿನ ಸ್ಟಾರ್ಟರುಗಳು ತಯಾರಾಗುತ್ತಿದ್ದವು. ಒಂದೊಂದನ್ನೂ ಪರೀಕ್ಷಿಸಿ, ಸರಿ ಇದ್ದರೆ ಹಸಿರು ಬಣ್ಣದ ಚುಕ್ಕಿ ಇಡುವುದು ಅವರ ಕೆಲಸ. "ನನ್ನ ಚುಕ್ಕಿ ಇಲ್ಲದ ಒಂದ ಪೀಸೂ ಗೇಟ್ ದಾಟಿಲ್ಲ ನೋಡು" ಎನ್ನುವಾಗ ಅವರ ಕುತ್ತಿಗೆ ತಾನಾಗಿ ನೆಟ್ಟಗಾಗುತ್ತಿತ್ತು.

ಅದು ಆಯುಧಪೂಜೆಯ ಮರುದಿನ, ದಸರೆ. ಬೆಳಿಗ್ಗೆ ಎದ್ದ ಅವ್ವನಿಗೆ ತಲೆ ಸುತ್ತು. ಬಿಪಿ ಗುಳಿಗೆ ಕೊಡುವ ಮೊದಲು ಅಳೆಯಬೇಕು, ಮೇಲಿನ ಅಂಕಿ ನೂರಕ್ಕಿಂತ ಕೆಳಗಿದ್ದರೆ ಗುಳಿಗೆ ಕೊಡದೆ ಫೋನ್ ಮಾಡಬೇಕು ಎಂದು ಡಾಕ್ಟರು ಹೇಳಿದ್ದರು. ಗುಂಡಿ ಒತ್ತಿದೆ. ಮಿಷನ್ ಮಿಸುಕಲಿಲ್ಲ. ಡಾಕ್ಟರ ಫೋನ್ ಹತ್ತಲಿಲ್ಲ, ಅಂಗಡಿಗಳು ಮುಚ್ಚಿದ್ದವು. ಮೌಶಿಯನ್ನು ಕೂಗಿದೆ.

ಅವರು ಮುಚ್ಚಳ ತೆಗೆದವರು ಹಾಗೇ ನಿಂತರು. ಒಳಗೆ ಸೆಲ್ಲಿಗೆ, ಸ್ಪ್ರಿಂಗಿಗೆ ಎಲ್ಲಾ ಕಡೆ ಅರಿಸಿನ-ಕುಂಕುಮ ಮೆತ್ತಿ ಒಣಗಿತ್ತು.

"ಇದ್ಯಾರ ಕೆಲಸಾ?"

"ನಿನ್ನಿ ಖಂಡೇಪೂಜಿ ಅಲ್ಲೇನವಾ?" ಎಂದಳು ಮಲಗಿದ್ದ ಅವ್ವ. "ಅದರ ಜೀವಾ ಇರೂದು ಸೆಲ್ಲಿನಾಗ. ಅದಕ್ಕ ಅಲ್ಲೇ ಹಚ್ಚಿದೆ."

"ವೈನಿ, ನಮ್ಮ ಫ್ಯಾಕ್ಟರ್ಯಾಗೂ ಪೂಜಿ ಮಾಡ್ತೀವ್ರಿ. ಮಿಷನ್ನಿನ ಹಣಿಗೆ ಹಚ್ತೀವಿ, ಹೊಟ್ಟ್ಯಾಗ ತುಂಬಂಗಿಲ್ಲ!"

ತಲೆ ಸುತ್ತಿನಲ್ಲೂ ಅವ್ವ ನಕ್ಕಳು.

ಮೌಶಿ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಅದನ್ನೆಲ್ಲ ಕೆರೆದರು. ಸ್ಪಿರಿಟ್ಟಿನಲ್ಲಿ ಅದ್ದಿದ ಅರಳೆಯಿಂದ ಒರೆಸಿದರು. ಮಗಳ ರಬ್ಬರು ತೆಗೆದುಕೊಂಡು ಒಳಗಿನ ತಗಡು ಹೊಳೆಯುವ ತನಕ ಉಜ್ಜಿದರು. ನಾನು ಗೋಡೆ ಗಡಿಯಾರದಿಂದ ಒಂದು, ಮಗಳ ಆಟಿಕೆಯಿಂದ ಮೂರು ಸೆಲ್ ಕಿತ್ತು ತಂದೆ. ಮಿಷನ್ ಚಾಲೂ ಆಯಿತು. ಅವ್ವನ ತೋಳಿಗೆ ಕಟ್ಟಿದರೆ ನೂರಾ ನಲವತ್ತೆಂಟು. ನಿರಾಳವಾಗಿ ಗುಳಿಗೆಯನ್ನು ಅಂಗೈಗೆ ಹಾಕಿಕೊಂಡೆ.

"ಏ ಖೋಡಿ, ತಡಿ. ಚಾಲೂ ಆತು ಅಂದ್ರ ಖರೇ ಹೇಳ್ತದ ಅಂತೇನ? ಇನ್ನಾ ಪಾಸ್ ಆಗಿಲ್ಲ ಅದು."

ತಮ್ಮ ತೋಳಿಗೇ ಕಟ್ಟಿಕೊಂಡರು. ನೂರಾ ಹತ್ತು. ಐದು ನಿಮಿಷ ಬಿಟ್ಟು ನೋಡಿದರೆ ನೂರಾ ಎಪ್ಪತ್ತಾರು. ಮೂರನೆಯ ಸಲ ಮಿಷನ್ ನಡುವೆಯೇ ಆರಿಹೋಯಿತು. ಮನೆಯಿಂದ ಕರೆಂಟ್ ಅಳೆಯುವ ಮೀಟರ್ ತಂದು ಸೆಲ್ಲುಗಳಿಗೆ ಹಿಡಿದರು. ನಾನು ಹಾಕಿದ ಸೆಲ್ಲುಗಳಲ್ಲಿ ಎರಡರ ಶಕ್ತಿ ತೀರುತ್ತ ಬಂದಿತ್ತು. ತಮ್ಮಲ್ಲಿದ್ದ ಹೊಸ ಸೆಲ್ಲಿನ ಪೊಟ್ಟಣ ಒಡೆದು ಹಾಕಿ, ಮತ್ತೆ ತಮ್ಮ ತೋಳಿನ ಮೇಲೆಯೇ ಮೂರು ಸಲ ನೋಡಿದರು. ಅವರು ಹೇಳಿದ ಅಂಕಿಗಳನ್ನು ನಾನು ಅವ್ವನ ಬಿಪಿ ವಹಿಯಲ್ಲಿ ಬರೆದುಕೊಂಡೆ.

"ಮೂರೂ ಹೊಂದತಾವ. ಪಾಸ್! ಈಗ ವೈನಿಗೆ ಕಟ್ಟು."

ಅವ್ವನದು ತೊಂಬತ್ತೆರಡು.

ನನ್ನ ಅಂಗೈಯ ಬೆವರಿಗೆ ಗುಳಿಗೆ ಕರಗತೊಡಗಿತ್ತು. ಕಡೆಗೂ ಫೋನ್ ಎತ್ತಿದ ಡಾಕ್ಟರು, "ಕೊಡಬ್ಯಾಡ್ರಿ, ಕರಕೊಂಡು ಬರ್ರಿ" ಎಂದರು. ಅವರ ಉಪಕರಣವೂ ಹೆಚ್ಚುಕಡಿಮೆ ಅದನ್ನೇ ತೋರಿಸಿತು. ಕೊಟ್ಟುಬಿಟ್ಟಿದ್ದರೆ...

ಸಂಜೆ ದಸರೆಯ ಬನ್ನಿ ಎಲೆ ಕೊಡಲು ಬಂದ ಮೌಶಿಯ ಇನ್ನೊಂದು ಕೈಯಲ್ಲಿ ಹಸಿರು ನೇಲ್ ಪಾಲಿಶ್ ಸೀಸೆ ಇತ್ತು. ಮುಚ್ಚಳದ ಮೇಲೆ ಚುಕ್ಕಿ ಇಟ್ಟು, ಆರುವ ತನಕ ಊದಿ, "ಬಂಗಾರದಂಗ ಇರೂಣು" ಎಂದು ಬನ್ನಿ ಕೊಡುವಾಗಿನ ಮಾತು ಹೇಳಿದರು. ಅವ್ವನಿಗೆ ಹೇಳಿದರೋ, ಮಿಷನ್ನಿಗೋ... ಮನೆಗೆ ಬಂದವರಿಗೆಲ್ಲ ನಾನು ಇಂದಿಗೂ ಆ ಚುಕ್ಕಿ ತೋರಿಸುತ್ತೇನೆ. ಇದು ನಮ್ಮ ಮೌಶಿ ಪಾಸ್ ಮಾಡಿದ ಮಿಷನ್ ಎಂದು ಎದೆಯುಬ್ಬಿಸಿ ಹೇಳುತ್ತೇನೆ.

ಮುಂದಿನ ಯುಗಾದಿಗೆ ಮೌಶಿ ಇರಲಿಲ್ಲ. ತಾರಿಹಾಳದ ಬಸ್ಸಿಗೆ ಕಾಯುತ್ತ ನಿಂತಲ್ಲೇ ಕುಸಿದಿದ್ದರು. ಬಿಪಿ ಏರಿ ಮೆದುಳಿನ ನರ ಒಡೆದಿದೆ ಎಂದರು ಆಸ್ಪತ್ರೆಯಲ್ಲಿ. ತಮಗೆ ಬಿಪಿ ಇದೆಯೆಂದು ಅವರಿಗೇ ಗೊತ್ತಿರಲಿಲ್ಲ. ಕೆಲವು ದಿನಗಳ ಮೇಲೆ ಅವ್ವನ ವಹಿ ತಿರುವುವಾಗ ನನ್ನದೇ ಅಕ್ಷರ ಕಂಡಿತು. ನೂರಾ ಅರವತ್ತೆಂಟು. ನೂರಾ ಎಪ್ಪತ್ತು. ನೂರಾ ಅರವತ್ತೆಂಟು. ಮಿಷನ್ ಸುಳ್ಳು ಹೇಳಿರಲಿಲ್ಲ. ಮೂರೂ ಹೊಂದುತ್ತವೆಯೇ ಎಂದಷ್ಟೇ ನಾವು ನೋಡಿದ್ದೆವು. ಎಷ್ಟು ಬಂದಿವೆ ಎಂದು ಇಬ್ಬರೂ ನೋಡಿರಲಿಲ್ಲ...

ಸವೆದ ಚುಕ್ಕಿಯ ಮೇಲೆ ಇನ್ನೊಮ್ಮೆ ಬಣ್ಣ ಹಚ್ಚಲೇ ಎಂದು ಮೊನ್ನೆ ಮಗಳು ಕೇಳಿದಳು. ಬೇಡ ಎಂದೆ. ಹೊಸ ಸೆಲ್ ಹಾಕಿ, ಅವ್ವನಿಗೆ ಕಟ್ಟುವ ಮೊದಲು ನನ್ನ ತೋಳಿಗೆ ಕಟ್ಟಿಕೊಂಡೆ. ಐದೈದು ನಿಮಿಷ ಬಿಟ್ಟು ಮೂರು ಸಲ. ಮೂರೂ ಹೊಂದಿದವು.

ಆಮೇಲೆ, ಎಷ್ಟು ಬಂದಿವೆ ಎಂದೂ ನೋಡಿದೆ.