ಪೇಟವಿಲ್ಲದೆ ಬಂದ ಗಂಡು

ಬೆಳಗ್ಗೆ ಒಂಬತ್ತೂಕಾಲಿಗೆ ಎಮ್ಮೆದೊಡ್ಡಿ ಕಾವಲಿನ ಹುಲ್ಲುಬಯಲ ನಟ್ಟನಡುವೆ ನಾನು ಕೊಡೆ ಬಿಚ್ಚಿದೆ. ಎಲ್ಲ ಕೆಟ್ಟದ್ದು ಅಲ್ಲಿಂದಲೇ.

ಬಿಚ್ಚಿದ್ದು ಬಿಸಿಲಿಗೆ. ದೂರದಲ್ಲಿ ಮೇಯುತ್ತಿದ್ದ ಅಮೃತಮಹಲ್ ಹೋರಿಗೆ ಅದು ಬೇರೇನೋ ಅನ್ನಿಸಿತು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿದವನು, ಅಲ್ಲಾಡದೆ ನಿಂತರೆ ಪ್ರಾಣಿ ಸುಮ್ಮನಾಗುತ್ತದೆ ಎಂದು ಎಲ್ಲೋ ಓದಿದ್ದೆ. ಬರೆದವರು ಈ ಹೋರಿಯನ್ನು ಕಂಡವರಲ್ಲ. ದಿನಕ್ಕೆ ಹತ್ತು ಸಲ ಆ ಗಳಿಗೆಯನ್ನು ನೆನೆಯುತ್ತೇನೆ: ಕೊಂಬಿನ ತುದಿ ಕಾಣುತ್ತದೆ, ಮರುಕ್ಷಣ ನಾನು ಜಾಲಿಮರದ ಮೇಲೆ. ನಡುವಿನದು ಸಿಗುವುದೇ ಇಲ್ಲ. ಜಾಲಿಗೆ ಮುಳ್ಳಿದೆ ಎಂಬುದು ಹತ್ತಿದ ಮೇಲೆ ತಿಳಿಯಿತು.

ಹೋದದ್ದು ಅಜ್ಜಿಗಾಗಿ. ಐವತ್ತು ವರ್ಷದ ಹಿಂದೆ ಅಜ್ಜ ಅಜ್ಜಂಪುರದ ಪಕ್ಕದ ನಮ್ಮೂರಿನಿಂದ ಸಖರಾಯಪಟ್ಟಣಕ್ಕೆ ಅವಳನ್ನು ಹೆಣ್ಣು ನೋಡಲು ಹೊರಟಿದ್ದರು. ರಾತ್ರಿ ಕಾವಲಿನ ಅಂಚಿನ ನೆಂಟರ ಮನೆಯಲ್ಲಿ ತಂಗಿ, ಮಧ್ಯಾಹ್ನದ ಊಟಕ್ಕೆ ತಲುಪಬೇಕಾದವರು ದೀಪ ಹಚ್ಚುವ ಹೊತ್ತಿಗೆ ತಲುಪಿದರು. ಅದೂ ಬರಿದಲೆಯಲ್ಲಿ! ಜರಿ ಪೇಟವೆಲ್ಲಿ ಎಂದು ಕೇಳಿದರೆ, "ಕೆಲ್ಸ ಇತ್ತು" ಎಂದರು. ಸಾಯುವವರೆಗೂ ಅದನ್ನೇ ಹೇಳಿದರು.

"ತರೀಕೆರೇಲಿ ಇನ್ನೊಂದ್ ಹೆಣ್ ನೋಡಿದ್ರು ಕಣೋ," ಎನ್ನುತ್ತಿದ್ದಳು ಅಜ್ಜಿ. "ಅವ್ಳು ಒಲ್ಲೆ ಅಂದ್ಲು. ಅದ್ಕೇ ನನ್ನತ್ರ ಬಂದ್ರು."

ಆ ಕೊರಗಿನಲ್ಲಿ ಅವಳಿಗೆ ಸರಿಯಾಗಿ ನಿದ್ದೆಯೇ ಇರಲಿಲ್ಲ. ಅಜ್ಜ ಹೋದ ದಾರಿಯಲ್ಲೇ ನಡೆದು, ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ನೋಡಿ ನಿಜ ತಿಳಿಸುತ್ತೇನೆ ಎಂದು ನಾನು ಜಂಬದಿಂದ ಹೊರಟಿದ್ದೆ.

ಹೋರಿ ಮರದ ಕೆಳಗೇ ಮಲಗಿ ಮೆಲುಕು ಹಾಕಿತು. ಆಗಾಗ ಮೇಲೆ ನೋಡಿ, ಇದ್ದೇನೆಂದು ಖಾತ್ರಿ ಮಾಡಿಕೊಳ್ಳುತ್ತಿತ್ತು. ಎರಡು ಗಂಟೆಗೆ ದನ ಕಾಯುವ ಮುದುಕನೊಬ್ಬ ಬಂದ.

"ಯಾವೂರ್ ಹಕ್ಕಿ ಕಣಪ್ಪಾ?"

ಊರು, ಮನೆ ಹೇಳಿದೆ. ಅವನು ಕುಕ್ಕರಿಸಿ ಕೂತು ನಗತೊಡಗಿದ.

"ಮೊದ್ಲು ಹೋರಿ ಓಡಿಸಯ್ಯಾ!"

"ಇರೀ ಬುದ್ಧೀ, ನಗು ಮುಗೀಲಿ. ನಿಮ್ಮನೇರು ಇನ್ನೊಬ್ರು ಇದೇ ಮರ ಹತ್ತಿದ್ರು. ಈ ದಾರೀಲಿ ಇರೋದೇ ಇದೊಂದು. ಹೆಣ್ ನೋಡಕ್ ಹೊಂಟಿದ್ರಂತೆ. ನಮ್ಮಪ್ಪ ಬಂದು ಇಳ್ಸೋ ಹೊತ್ಗೆ ಹೊತ್ ಇಳಿದಿತ್ತು. ಯಾರ್ಗೂ ಹೇಳ್ಬ್ಯಾಡ ಅಂತ ಆಣೆ ಹಾಕಿಸ್ಕೊಂಡ್ರು."

"ಪೇಟ ಏನಾಯ್ತು?"

"ಹೋರಿ ಕೊಂಬಿಗ್ ಸಿಕ್ಕಾಕ್ಕೊಂತು. ಎಂಟ್ ದಿನ ಜರಿ ಪೇಟ ಹಾಕ್ಕೊಂಡೇ ಮೇಯ್ತು. ನಮ್ಮವ್ವ ಆರತಿ ಎತ್ತೋದೊಂದ್ ಬಾಕಿ!"

ಅವನು ನಾಲಗೆಯಲ್ಲಿ ಲೊಚ್ಚೆಂದು ಸದ್ದು ಮಾಡಿದ. ಹೋರಿ ಎದ್ದು ಕರುವಿನಂತೆ ಅವನ ಹಿಂದೆ ನಡೆಯಿತು. ನಾನು ಇಳಿಯಲು ಇನ್ನೂ ಅರ್ಧ ಗಂಟೆ ತೆಗೆದುಕೊಂಡೆ.

ಮನೆಗೆ ಬಂದು ಅಜ್ಜಿಗೆ ಎಲ್ಲ ಹೇಳಿದೆ.

"ಹಂಗಾರೆ ತರೀಕೆರೆ?"

"ತರೀಕೆರೇನೂ ಇಲ್ಲ, ಹೆಣ್ಣೂ ಇಲ್ಲ. ಮರ ಒಂದೇ."

ಅವಳು ನಕ್ಕಳು, ಕೆಮ್ಮಿದಳು, ಮತ್ತೆ ನಕ್ಕಳು. ಆಮೇಲೆ ಸಿಟ್ಟು ಬಂತು. "ಹೋರಿ ಅಟ್ಟಿಸ್ಕೊಂಡ್ ಬಂತು ಅಂದಿದ್ರೆ ನಾನೇನ್ ಒಲ್ಲೆ ಅಂತಿದ್ನಾ?" ಸ್ವಲ್ಪ ಯೋಚಿಸಿ, "ಅಂತಿದ್ದೆ ಕಣೋ," ಎಂದಳು.

ಆದರೂ ಇಬ್ಬರಿಗೂ ಒಳ್ಳೆಯ ನಿದ್ದೆ ತಕ್ಷಣ ಬರಲಿಲ್ಲ. ನಾನು ಕನಸಿನಲ್ಲಿ ಕೊಂಬು ಕಂಡು ಕಿರುಚಿಕೊಂಡು ಏಳುತ್ತಿದ್ದೆ; ಅವಳು ಪೇಟ ಹಾಕಿಕೊಂಡ ಹೋರಿಯನ್ನು ನೆನೆದು ನಗುತ್ತಾ ಏಳುತ್ತಿದ್ದಳು. ಶಿವರಾತ್ರಿಗೆ ಮನೆಯವರೆಲ್ಲ ಜಾಗರಣೆ ಮಾಡಿದೆವು. ಮರುದಿನ ಕತ್ತಲಾಗುವ ಮುಂಚೆಯೇ ಇಬ್ಬರೂ ಮಲಗಿ, ಬಿಸಿಲು ಪಡಸಾಲೆಗೆ ಬರುವವರೆಗೂ ಏಳಲಿಲ್ಲ.