ಅನಸೂಯಾಬಾಯಿ ಹಳಿಗೆ ತಂದ ಮನೆಗಳು

“ಅಮ್ಮಾ, ಅನಸೂಯಜ್ಜಿಗೆ ತನ್ನದು ಅಂತ ಒಂದು ಮನಿ ಇಲ್ಲೇನು?”

ಪದ್ದಿ ಇದನ್ನು ಕೇಳಿದ್ದು ಹೆರಳು ಹಾಕಿಸಿಕೊಳ್ಳುತ್ತ ಕುಳಿತಾಗ. ಹಿತ್ತಲ ಗೋಡೆಯಾಚೆಯ ಮುನವ್ವರ್ ಬೀ ಆಗಷ್ಟೇ ಅಜ್ಜಿಯನ್ನು, “ಇಲ್ಲಿ ಎಷ್ಟ್ ದಿನಾ ಇರ್ತೀರಿ ಅಮ್ಮಾ? ಮುಂದ ಯಾವೂರು?” ಎಂದು ವಿಚಾರಿಸಿದ್ದು ಹುಡುಗಿಯ ಕಿವಿಗೆ ಬಿದ್ದಿತ್ತು. ಭಾಮಾ ಹೆರಳಿನ ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಅದೇ ನೆವವಾಯಿತು. ಉತ್ತರ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅನಸೂಯಾಬಾಯಿ ಭಾಮಾಳ ಗಂಡ ಗೋಪಾಲಕೃಷ್ಣನ ಸೋದರತ್ತೆ. ಭಾಮಾಳ ಎರಡನೆಯ ಬಾಣಂತನಕ್ಕೆಂದು ದೇವದುರ್ಗದಿಂದ ರಾಯಚೂರಿಗೆ ಬಂದವರು. ಜೊತೆಗೆ ತಂದದ್ದು ಒಂದು ಸಣ್ಣ ಟ್ರಂಕು, ಒಂದು ತಾಮ್ರದ ತಂಬಿಗೆ. ವಿಧವೆಯರುಡುವ ಕೆಂಪು ಸೀರೆಯ ಸೆರಗನ್ನು ತಲೆತುಂಬ ಹೊದ್ದ, ಒಣಕಲು ಮೈಯ, ಅರವತ್ತರ ಹತ್ತಿರದ ಹೆಂಗಸು. ಮಾತು ಕಡಿಮೆ, ಆಡಿದ ಮಾತಿಗೆ ಮಾತ್ರ ಮೊನೆ ಇರುತ್ತಿತ್ತು.

ಕೂಸಿಗೆ ಐದು ತಿಂಗಳು ತುಂಬಿದ ಮೇಲೆ ಭಾಮಾ ಹೆಣ್ಣುಮಕ್ಕಳ ಶಾಲೆಗೆ ಮತ್ತೆ ಪಾಠ ಹೇಳಲು ಹೊರಟಳು. ಗೋಪಾಲಕೃಷ್ಣ ಅದಾಲತ್ತಿನಲ್ಲಿ ಗುಮಾಸ್ತ. ಇಬ್ಬರಿಗೂ ಹತ್ತರೊಳಗೆ ಊಟವಾಗಬೇಕು. ಮನೆಯದೋ ಮಡಿ ಅಡಿಗೆ. ಸ್ನಾನ ಮಾಡಿ, ಯಾರೂ ಮುಟ್ಟದ ಒಗೆದ ಸೀರೆಯುಟ್ಟು, ಬಾವಿಯ ನೀರು ತಾನೇ ಸೇದಿ ತಂದು ಮಾಡಬೇಕು. ನಡುವೆ ಯಾರಾದರೂ ಮುಟ್ಟಿದರೆ ಮತ್ತೆ ಸ್ನಾನದಿಂದಲೇ ಶುರು. ಮೊದಲ ದಿನ ಅನಸೂಯಾಬಾಯಿ ಎಲ್ಲವನ್ನೂ ಒಬ್ಬರೇ ಮೈಮೇಲೆ ಹಾಕಿಕೊಂಡರು. ಅಕ್ಕಿ ಆರಿಸುವುದೂ ಮಡಿಯಲ್ಲೇ, ಕಾಯಿಪಲ್ಯ ಹಸನು ಮಾಡುವುದೂ ಮಡಿಯಲ್ಲೇ. ಬೇಳೆ ಇನ್ನೂ ಬೇಯದಿರುವಾಗಲೇ ತೊಟ್ಟಿಲಲ್ಲಿ ಕೂಸು ಕಿರುಚಿತು. ಕರೆಯಲು ಓಡಿಬಂದ ಪದ್ದಿ ಅಜ್ಜಿಯ ಸೆರಗನ್ನೇ ಜಗ್ಗಿದಳು. ಅಜ್ಜಿ ಬೈಯಲಿಲ್ಲ. ಕೊಡ ಹಿಡಿದು ಮತ್ತೆ ಬಾವಿಯ ಕಡೆಗೆ ನಡೆದರು. ಗೋಪಾಲಕೃಷ್ಣ ಮೊಸರವಲಕ್ಕಿ ತಿಂದು ಕಚೇರಿಗೆ ಓಡಿದ. ಭಾಮಾ ಅದೂ ಇಲ್ಲದೆ ಶಾಲೆಗೆ ಓಡಿದಳು.

ಆ ಸಂಜೆ ಅನಸೂಯಾಬಾಯಿ ನಡುಮನೆಯಲ್ಲಿ ಕಾಲು ಚಾಚಿ ಕುಳಿತು, “ಇದು ಒಬ್ಬಾಕಿ ಕೈಲೆ ಆಗೂ ಮಾತಲ್ಲ. ಮಡಿ ಎಷ್ಟಕ್ಕ ಬೇಕೋ ಅಷ್ಟಕ್ಕ ಇಟಗೋಬೇಕು,” ಎಂದರು.

“ಅಂದ್ರ?” ಗೋಪಾಲಕೃಷ್ಣ ಕೇಳಿದ.

“ಒಣಾ ಅಕ್ಕಿಗೆ ಎಲ್ಲೀ ಮೈಲಿಗಿ? ನೀರು ಬೀಳೂತನಕಾ ಅದಕ್ಕೇನೂ ಇಲ್ಲ. ಸಂಜೀಕೇನ ಆರಿಸಿಟ್ಟರಾತು. ಚವಳಿಕಾಯಿ ಮುರದಿಟ್ಟರಾತು. ಅದಕ್ಕ ನೀ ಕೂತರೂ ನಡೀತದ.”

“ನಾನ?”

“ಕಚೇರಿಯೊಳಗ ಸರಕಾರದ ಕಾಗದಾ ಮಡಚತೀಯಲ್ಲೋ. ಮುಂಜಾನೆ ಎದ್ದು ನಿನ್ನ ಹಾಸಿಗಿ ಮಡಚಲಿಕ್ಕೆ ಏನು ಧಾಡಿ? ಅಲ್ಲಿಂದ ಶುರು ಮಾಡು.”

ಭಾಮಾ ನಗು ತಡೆಯಲಾರದೆ ಕೂಸಿನ ಹೊಟ್ಟೆಗೆ ಮುಖ ಒತ್ತಿದಳು.

ಮಹಾಯುದ್ಧ ಮುಗಿದಿದ್ದರೂ ಸೀಮೆಎಣ್ಣೆ ಇನ್ನೂ ರೇಷನ್ನಿನಲ್ಲೇ ಸಿಗುತ್ತಿದ್ದ ಕಾಲ. ಹಾಗಾಗಿ ನಾಳೆಯ ಒಣ ಕೆಲಸವೆಲ್ಲ ಬೆಳಕಿರುವಾಗಲೇ ಮುಗಿಯಬೇಕಿತ್ತು. ಹೊತ್ತು ಇಳಿಯುತ್ತಲೇ ಎಲ್ಲರೂ ಕಟ್ಟೆಯ ಮೇಲೆ ಕೂರುವರು. ಗೋಪಾಲಕೃಷ್ಣ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತ ಅದಾಲತ್ತಿನ ಜಗಳಗಳನ್ನು ಹೇಳುವನು. ಪದ್ದಿ ಚವಳಿಕಾಯಿಯ ನಾರು ತೆಗೆಯುವಳು. ಹಿತ್ತಲಿಗೆ ಹೋಗುವವರು ಬರಿಗೈಯಲ್ಲಿ ಹೋಗಕೂಡದು ಎಂಬುದು ಅಜ್ಜಿಯ ಇನ್ನೊಂದು ಕಟ್ಟಳೆ. ಹೋಗುವಾಗ ಮುಸುರೆ ಪಾತ್ರೆ, ಬರುವಾಗ ಒಣಗಿದ ಬಟ್ಟೆ. ಮರೆತು ಬರಿಗೈ ಬೀಸಿಕೊಂಡು ಬಂದವರನ್ನು ಬಾಗಿಲಲ್ಲೇ ತಡೆದು, “ಏನ್ರಿ, ಮೆರವಣಿಗಿ ಹೊಂಟೀರೇನು?” ಎನ್ನುವರು. ಗೋಪಾಲಕೃಷ್ಣ ಒಂದೆರಡು ಸಲ ಅನ್ನಿಸಿಕೊಂಡು, ಆಮೇಲೆ ಕೈಗೆ ಸಿಕ್ಕಿದ ಚೆಂಬನ್ನಾದರೂ ಹಿಡಿದು ಓಡಾಡತೊಡಗಿದ.

ಉಳಿದದ್ದು ಕೂಸಿನ ಅಳು. ಅದಕ್ಕೂ ಅನಸೂಯಾಬಾಯಿ ದಾರಿ ಹುಡುಕಿದರು. ಉಣ್ಣೆಗೆ ಮೈಲಿಗೆ ತಟ್ಟದು ಎನ್ನುವುದು ಮಡಿಯವರಿಗೆಲ್ಲ ಗೊತ್ತಿದ್ದ ಮಾತು. ಟ್ರಂಕಿನಿಂದ ತಮ್ಮ ಹಳೆಯ ಉಣ್ಣೆಯ ಧಾಬಳಿ ತೆಗೆದು, ಅದರ ಅಂಚು ಸೀಳಿ, ಉದ್ದಕ್ಕೆ ಹಗ್ಗ ಹೆಣೆದು ತೊಟ್ಟಿಲಿಗೆ ಕಟ್ಟಿದರು. ಇನ್ನೊಂದು ತುದಿ ಅಡಿಗೆಮನೆಯ ಹೊಸ್ತಿಲು ದಾಟಿ ಒಲೆಯ ಹತ್ತಿರಕ್ಕೆ ಬಂತು. ಕೈ ಹಿಟ್ಟು ನಾದುತ್ತಿದ್ದರೆ ಕಾಲಿನ ಹೆಬ್ಬೆರಳು ತೊಟ್ಟಿಲು ತೂಗುತ್ತಿತ್ತು.

ಗೋಡೆಯ ಮೇಲಿಂದ ಇಣುಕಿದ ಮುನವ್ವರ್ ಬೀ, “ಅಮ್ಮಾ, ತೊಟ್ಲಾ ತೂಗಾಕತ್ತೀರೋ, ಬಾವ್ಯಾಗಿನ ನೀರು ಜಗ್ಗಾಕತ್ತೀರೋ?” ಎಂದಳು.

“ಎರಡೂ ಅಷ್ಟ ಬೀ. ಹಗ್ಗಾ ಬಿಟ್ಟಿ ಅಂದ್ರ ಕೆಲಸಾ ಕೆಡ್ತದ.”

ಒಂದು ತಿಂಗಳಲ್ಲಿ ಆ ಮನೆಯಲ್ಲಿ ಒಂಬತ್ತಕ್ಕೆಲ್ಲ ಎಲೆ ಬೀಳತೊಡಗಿತು. ಶಾಲೆಗೆ ಹೊರಡುವ ಮೊದಲು ಭಾಮಾಳಿಗೆ ಕೂಸಿಗೆ ಹಾಲೂಡಿಸುತ್ತ ಗೋಡೆಗೊರಗಿ ಕೂರುವಷ್ಟು ಹೊತ್ತು ಸಿಗುತ್ತಿತ್ತು. ಅಂಥ ಹೊತ್ತನ್ನು ಅವಳು ಮದುವೆಯಾದ ಮೇಲೆ ಕಂಡಿರಲಿಲ್ಲ. ಏನೂ ಮಾಡದೆ ಕೂಸಿನ ಕಿವಿಯನ್ನು ನೋಡುತ್ತ ಕೂರುವಳು.

ಒಂದು ಸಲ ಕೂಸಿಗೆ ಜ್ವರ ಬಂತು. ಯಾರಿಗೂ ಸರಿಯಾಗಿ ನಿದ್ದೆಯಿಲ್ಲ. ಜ್ವರ ಇಳಿದ ಸಂಜೆ ಅನಸೂಯಾಬಾಯಿ ಎಂದಿನಂತೆ ಬುಟ್ಟಿ ತುಂಬ ಚವಳಿಕಾಯಿ ಮುರಿದು, ಅಕ್ಕಿ ಅಳೆದು, ಸೌದೆ ಜೋಡಿಸಿಟ್ಟು ಮಲಗಿದರು. ಬೆಳಗ್ಗೆ ಹಾಸಿಗೆ ಮಡಚಿಟ್ಟು ಬಂದ ಗೋಪಾಲಕೃಷ್ಣ ಬುಟ್ಟಿಯನ್ನೂ ಅತ್ತೆಯನ್ನೂ ನೋಡಿದ.

“ಅತ್ಯಾ, ಇವತ್ತ ಏಕಾದಶಿ.”

ಏಕಾದಶಿಯ ದಿನ ಒಂದು ಗುಟುಕು ನೀರನ್ನೂ ಮುಟ್ಟದ ಹೆಂಗಸು ಅವರು. “ದೇವರ ಮುಂದ ಹೆಂಗ ನಿಂದರಲಿ ಇನ್ನ,” ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಬುಟ್ಟಿಯನ್ನು ಎತ್ತಿ ಹಿತ್ತಲ ಗೋಡೆಯ ಮೇಲಿಟ್ಟರು.

“ನಿಮ್ಮ ಉಪಾಸಕ್ಕ ನಮ್ಮ ಮನ್ಯಾಗ ಪಲ್ಯ ಆತು,” ಎಂದು ಮುನವ್ವರ್ ಬೀ ಬುಟ್ಟಿ ಇಳಿಸಿಕೊಂಡಳು. “ತಿಂಗಳಾ ಎರಡು ಸಲ ಮರೀರಿ ಅಮ್ಮಾ.”

ಅಂದು ಶುಕ್ರವಾರ; ನಿಜಾಮರ ಆ ಸೀಮೆಯಲ್ಲಿ ಶಾಲೆಗೂ ಕಚೇರಿಗೂ ಅದೇ ವಾರದ ರಜೆ. ಮಕ್ಕಳಿಗೆ ಹಾಲು-ಅವಲಕ್ಕಿ ಕೊಟ್ಟ ಮೇಲೆ ಒಲೆಯ ಕೆಲಸವಿಲ್ಲ. ಅನಸೂಯಾಬಾಯಿಗೆ ಕೂತಲ್ಲಿ ಕೂರಲಾಗಲಿಲ್ಲ. ತಿಕ್ಕಿದ ತಂಬಿಗೆಯನ್ನೇ ಮತ್ತೆ ತಿಕ್ಕಿದರು, ಮಡಚಿದ ಸೀರೆ ಬಿಚ್ಚಿ ಮಡಚಿದರು. ಕೊನೆಗೆ ಭಾಮಾ ಅವರ ಕೈ ಹಿಡಿದು ತೊಟ್ಟಿಲ ಪಕ್ಕ ಕೂರಿಸಿಕೊಂಡು, “ಅತ್ಯಾರ, ದೇವದುರ್ಗದೊಳಗ ನಿಮ್ಮ ಮನಿ ಅದ ಅಲ್ಲ?” ಎಂದಳು. ಪದ್ದಿಯ ಪ್ರಶ್ನೆ ಅವಳ ತಲೆಯಿಂದ ಇಳಿದಿರಲಿಲ್ಲ.

“ಅದು ನಮ್ಮ ಮೈದುನನ ಮನಿ. ನಮ್ಮವರು ಹೋದಾಗ ನನಗ ಹತ್ತೊಂಬತ್ತು. ದೊಡ್ಡ ಸಂಸಾರ, ಒಬ್ಬರು ಉಂಡರ ಒಬ್ಬರದು ಆಗಿರತಿರಲಿಲ್ಲ. ಎಲ್ಲಾ ಒಂದು ಹದಕ್ಕ ತಂದೆ. ಸೊಸೆಂದಿರು ಬಂದು ಕಲತರು. ಆಮ್ಯಾಲೆ ಮೈದುನ, ಅರಕೇರಾದೊಳಗ ತಂಗೀ ಬಾಣಂತನ ಅದ, ಹೋಗಿ ಬರ್ರಿ ವೈನಿ, ಅಂದ. ಅಲ್ಲಿ ಮುಗಿಯೂದರೊಳಗ ಮಾನವಿಯಿಂದ ಅಣ್ಣ ಕರೆಕಳಿಸಿದ. ಅಲ್ಲಿಂದ ಮತ್ತ ದೇವದುರ್ಗ, ಹುಡುಗರ ಮುಂಜಿವಿ ಇತ್ತು.” ಅವರು ಧಾಬಳಿಯ ಹಗ್ಗವನ್ನು ಬೆರಳಿಗೆ ಸುತ್ತುತ್ತಿದ್ದರು. “ಮನಿ ಕೆಟ್ಟಿತಂದ್ರ ಕರೀತಾರ. ಸುಧಾರಸ್ತಂದ್ರ, ಇನ್ನ ನಿಮಗ್ಯಾಕ ತ್ರಾಸು, ಅಂತಾರ. ಎಲ್ಲಾರೂ ಭಾಳ ಮರ್ಯಾದಿಲೆ ಕಳಸ್ಯಾರ ನೋಡು.”

ಅಂದರೆ ಮನೆಯನ್ನು ಎಷ್ಟು ಬೇಗ ಹಳಿಗೆ ತಂದರೆ ಅಷ್ಟು ಬೇಗ ಅಲ್ಲಿಂದ ಎದ್ದೇಳಬೇಕಾದ ಬಾಳು. ಭಾಮಾ ತನ್ನ ಮನೆಯ ಒಪ್ಪವಾದ ನಡುಮನೆಯನ್ನು ನೋಡಿದಳು, ಯಾಕೋ ಕಸಿವಿಸಿಯಾಯಿತು.

“ಇಲ್ಲೆ ನನಗ ಹೊಂದಿಕೊಂಡದ ಭಾಮಾ,” ಎಂದರು ಅನಸೂಯಾಬಾಯಿ. “ಈ ಕೂಸು ನಡಿಯೂದು ನೋಡಬೇಕು ಅನಸ್ತದ. ಎಷ್ಟೋ ಕೂಸಿಗೆ ನೀರು ಎರದೀನಿ. ಒಂದೂ ನಡಿಯೂದು ನೋಡಿಲ್ಲ. ಅಷ್ಟರೊಳಗ ಮುಂದಿನ ಊರು.”

“ಇರ್ರಿ ಮತ್ತ. ಯಾರು ಬ್ಯಾಡ ಅಂದಾರ?”

“ನೀ ಅನ್ನಂಗಿಲ್ಲ. ಕರೀಲಿಕ್ಕೆ ಬಂದವರಿಗೆ ಏನು ಹೇಳ್ತೀ?”

ಕರೆಯಲು ಬಂದವನು ಮಾನವಿಯ ಶೇಷಗಿರಿ, ಅನಸೂಯಾಬಾಯಿಯ ಅಣ್ಣನ ಮಗ. ಮುಂದೆ ಒಂದೆರಡು ತಿಂಗಳಿಗೆ ಒಂದು ಸಂಜೆ ಬಂದ. ದಪ್ಪ ಮೈ, ದೊಡ್ಡ ದನಿ, ನಗುಮುಖ. ಗೋಪಾಲಕೃಷ್ಣ ಓದುವಾಗ ಮಾನವಿಯಲ್ಲಿ ಅವನ ಮನೆಯಲ್ಲೇ ಉಂಡು ಬೆಳೆದವನು. ವರಸೆಯಲ್ಲಿ ಅಣ್ಣನಾದ ಅವನ ಮುಂದೆ ದನಿ ಎತ್ತಿ ಗೊತ್ತಿಲ್ಲ. ಶೇಷಗಿರಿ ಕಟ್ಟೆಯ ಮೇಲೆ ಕುಳಿತು, ಗೋಪಾಲಕೃಷ್ಣ ಅಕ್ಕಿ ಆರಿಸುವುದನ್ನೂ, ಪದ್ದಿ ನಾರು ತೆಗೆಯುವುದನ್ನೂ ಕಣ್ಣರಳಿಸಿ ನೋಡಿದ.

“ನಾಳಿನ ಕೆಲಸಾ ಇವತ್ತ ಮುಗಿಸಿ ಕೂತೀರಿ. ನಮ್ಮ ಮನಿ ನೋಡಿದ್ರ ಸಂತಿ ಆಗ್ಯದ. ಹೊತ್ತು ನೆತ್ತಿಗೆ ಬಂದರೂ ಒಲೀ ಮ್ಯಾಲೆ ಏನೂ ಇರಂಗಿಲ್ಲ. ಅತ್ಯಾ, ನಾಳೆ ಮಧ್ಯಾಹ್ನದ ಮೋಟಾರಿಗೆ ನಡಿ ನನ್ನ ಜೋಡಿ.”

ಕೂಸು ಅನಸೂಯಾಬಾಯಿಯ ಮೊಣಕಾಲು ಹಿಡಿದು ಎದ್ದು ನಿಂತು, ತೂರಾಡಿ, ದೊಪ್ಪನೆ ಕುಳಿತಿತು.

“ಅತ್ಯಾನ ಮನಸ್ಸಿದ್ದಂಗ ಅಣ್ಣಾ,” ಎಂದು ಗೋಪಾಲಕೃಷ್ಣ ಮೊರದತ್ತ ನೋಡುತ್ತಲೇ ಅಂದ.

ಭಾಮಾ ಬಾಗಿಲ ಮರೆಯಿಂದಲೇ ಧೈರ್ಯ ಮಾಡಿದಳು. “ಅವರು ನಮಗೂ ಬೇಕ್ರಿ ಭಾವ.”

ಶೇಷಗಿರಿ ನಕ್ಕ. “ಬೇಕು ಅನ್ನೂದು ಬ್ಯಾರೆ, ಅಡಚಣಿ ಬ್ಯಾರೆ, ತಂಗೀ. ನಿಮ್ಮ ಮನಿ ತಾನೇ ನಡದದ. ಅಡಚಣಿ ಏನರೆ ಇದ್ರ ತೋರಸು, ನಾ ಸುಮ್ಮನ ಹೊಳ್ಳಿ ಹೋಗತೀನಿ.”

ತೋರಿಸಲು ಭಾಮಾಳ ಬಳಿ ಏನೂ ಇರಲಿಲ್ಲ.

ಮರುದಿನ ಮುಂಜಾನೆ ಅವಳು ಎದ್ದು ಬಂದಾಗ ಒಲೆಯಲ್ಲಿ ಬೆಂಕಿ ಇರಲಿಲ್ಲ. ಶೇಷಗಿರಿ ಮುಂದಿನ ಕಟ್ಟೆಯ ಮೇಲೆ ಬೇವಿನ ಕಡ್ಡಿ ಅಗಿಯುತ್ತ ಯಾರೊಂದಿಗೋ ಹರಟುತ್ತಿದ್ದ. ಅನಸೂಯಾಬಾಯಿ ಸ್ನಾನ ಮುಗಿಸಿ ಬಾವಿಯ ಹತ್ತಿರ ನಿಂತಿದ್ದರು. ಕೊಡ ಖಾಲಿ, ಹಗ್ಗ ಸುತ್ತಿದಂತೆಯೇ ಇತ್ತು. ಅವರು ಮಡಿಯಲ್ಲಿದ್ದುದರಿಂದ ಭಾಮಾ ಎರಡು ಮಾರು ದೂರ ನಿಂತಳು.

“ಭಾಮಾ, ನಾ ಯಾರಿಗೂ ಏನೂ ಬೇಡಿದಾಕಿ ಅಲ್ಲ.”

“ಹೇಳ್ರಿ ಅತ್ಯಾರ.”

“ಇವತ್ತೊಂದಿನ ನಿನ್ನ ಸಾಲಿಗೆ ತಡಾ ಆಗಲಿ. ದೊಡ್ಡಬಾಯೇರು ಬೈದ್ರ ಬೈಸಿಗೋ. ಗೋಪಾಲಗೂ ಹೇಳು, ಹಾಸಿಗಿ ಹಂಗ ಬಿಡು ಅಂತ.” ಅವರು ಮುಂಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ನಾ ಒಲಿ ಹಚ್ಚೂದು ಹತ್ತು ಹೊಡದ ಮ್ಯಾಲೆ. ಶೇಷಗಿರಿ ಒಳಗ ಹೊರಗ ಅಡ್ಡಾಡಿ, ಆತೇನು ಆತೇನು ಅಂತ ಕೇಳ್ತಾನ. ಕೇಳಲಿ. ಅಡಚಣಿ ತೋರಸು ಅಂದಾನಲ್ಲ, ಕಣ್ಣಾರೆ ನೋಡಲಿ. ಮೋಟಾರ ಹೋಗೂತನಕಾ ಅವಗ ಛಲೋತ್ನಂಗ ಹಸೀಬೇಕು. ನೀ ನಡುವ ಬಂದು ಸುಧಾರಸಲಿಕ್ಕೆ ಹೋಗಬ್ಯಾಡ. ಇದೊಂದು ನಡಿಸಿಕೊಡವ್ವಾ.”