ದೋಣಿ ಬಿಡಲ್ಲ ಎಂದ ಶಹನಾಜ್

ಬೆಳಗಿನ ಐದೂಮುಕ್ಕಾಲು. ಎನ್. ಬೇಗೂರಿನಾಚೆ, ಕಬಿನಿ ಹಿನ್ನೀರಿನ ದಡಕ್ಕೆ ಕಟ್ಟಿದ ದೋಣಿಯಲ್ಲಿ ಶಹನಾಜ್ ಮಂಡಿಯೂರಿ ಕುಳಿತಿದ್ದಾರೆ. ದುಪಟ್ಟಾದ ತುದಿಗಳನ್ನು ಕತ್ತಿನ ಹಿಂದೆ ಗಂಟು ಹಾಕಿಕೊಂಡಿದ್ದಾರೆ. ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಮುಚ್ಚಳ ಪಕ್ಕದ ಹಲಗೆಯ ಮೇಲಿದೆ. ದೋಣಿ ನಡೆಸುವವರು ಪುಟ್ಟ. ಎಂಜಿನ್ನಿನ ಚಕ್ರವನ್ನು ಅವರು ಕೈಯಿಂದಲೇ ತಿರುಗಿಸುತ್ತಿದ್ದಾರೆ.

"ಇನ್ನೊಂಚೂರು... ಇನ್ನೊಂಚೂರು... ಸಾಕು ಬುಡು ಪುಟ್ಟ."

ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಶಹನಾಜ್ ಅಲ್ಲಿಗೆ ತೆಳ್ಳನೆಯ ಉಕ್ಕಿನ ಪಟ್ಟಿ ತೂರಿಸಿ ಎಳೆಯುತ್ತಾರೆ, ತಲೆಯಾಡಿಸುತ್ತಾರೆ, ತಿರುಪು ಚೂರೇ ಚೂರು ಸಡಿಲಿಸಿ ಮತ್ತೆ ಎಳೆಯುತ್ತಾರೆ. "ಎಣ್ಣೆ ಅಚ್ಚಿದ ಜಡೇಲಿ ಬಾಚಣಿಗೆ ಆಡ್ದಂಗೆ ಬರ್ಬೇಕು ಕಣ್ರೀ. ಸಿಕ್ಕಾಕಬಾರ್ದು, ಜಾರ್ಲೂಬಾರ್ದು." ಈ ಕೆಲಸಕ್ಕೆ ಎಂಜಿನ್ ತಣ್ಣಗಿರಬೇಕು. ಮೊದಲ ಟ್ರಿಪ್ ಹೊರಡುವುದು ಏಳಕ್ಕೆ. ಹಾಗಾಗಿ ಹುಣಸೂರಿನ ಈ ನಲವತ್ತನಾಲ್ಕರ ಹೆಂಗಸು ಹಿಂದಿನ ದಿನ ಸಂಜೆಯೇ ಬಂದು ದಡದ ಆದಿವಾಸಿ ಹಾಡಿಯಲ್ಲಿ ಉಳಿದುಕೊಳ್ಳುತ್ತಾರೆ.

ತಂದೆ ಅಹಮದ್ ಪಾಷಾ ಹನಗೋಡಿನಿಂದ ಚುಂಚನಕಟ್ಟೆಯವರೆಗೆ ಗದ್ದೆಗಳ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದವರು. ಎಂಜಿನ್ನಿನ ಭಾಗಗಳ ನಡುವೆ ಕೂರಿಸುವ ಪ್ಯಾಕಿಂಗ್‌ಗಳನ್ನು ಮನೆಯಲ್ಲೇ ಕತ್ತರಿಸುತ್ತಿದ್ದರು. ತಾಯಿ ಜಮೀಲುನ್ನೀಸಾ ಕಾಗದ ಹಿಡಿದರೆ ಶಹನಾಜ್ ಸಣ್ಣ ಸುತ್ತಿಗೆಯಿಂದ ಅಂಚು ತಟ್ಟುತ್ತಿದ್ದರು. "ಏಳ್ನೇ ಕ್ಲಾಸಿಗೇ ಪ್ಯಾಕಿಂಗ್ ನೋಡಿ ಯಾವ ಎಂಜಿನ್ದು ಅಂತ ಏಳ್ತಿದ್ದೆ," ಎನ್ನುತ್ತಾರೆ.

ಹದಿನೆಂಟು ವರ್ಷದ ಹಿಂದೆ ಪಾಷಾ ಅವರ ಕೈ ನಡುಗತೊಡಗಿತು. ಮಗಳನ್ನು ಜೊತೆಗೆ ಕರೆದೊಯ್ದರು. ರೈತರು ಮುಖ ಸಿಂಡರಿಸಿದರೆ, "ಕೈ ಅವಳ್ದು, ಕಣ್ಣು ನಂದು. ಕೆಟ್ರೆ ನನ್ನ ಕೇಳಿ," ಅನ್ನುತ್ತಿದ್ದರಂತೆ. ಅವರು ತೀರಿ ಆರು ವರ್ಷವಾಯಿತು. ಈಗ ಅರವತ್ತು ಪಂಪ್‌ಸೆಟ್, ಮೂರು ದೋಣಿಗಳ ಹೊಣೆ ಶಹನಾಜ್ ಒಬ್ಬರದೇ. ಈ ದೋಣಿ ದಿನಕ್ಕೆ ಆರು ಸಲ ಹಿನ್ನೀರು ದಾಟುತ್ತದೆ, ಒಂದು ಸಲಕ್ಕೆ ನಲವತ್ತು ನಿಮಿಷ.

ಶಹನಾಜ್ ಅವರನ್ನು ಇಲ್ಲಿನ ಜನ ನೆನೆಯುವುದು ಮೂರು ವರ್ಷದ ಹಿಂದಿನ ಒಂದು ಬೆಳಗಿಗಾಗಿ. ಹಾಡಿಯ ಬೊಮ್ಮಮ್ಮನ ಮಗಳು ಸುಮಿತ್ರಾಳ ಮದುವೆ, ಆಚೆ ದಡದಲ್ಲಿ. ಮೂವತ್ತೈದು ಜನ ಪಾತ್ರೆಪಗಡೆ ಸಮೇತ ದಡದಲ್ಲಿ ನಿಂತಿದ್ದರು. ಎಂಜಿನ್ ನೋಡಲು ಬಂದಿದ್ದ ಶಹನಾಜ್ ಆಯಿಲ್ ಅಳೆಯುವ ಕಡ್ಡಿ ಎಳೆದರೆ, ಆಯಿಲ್ ಹಾಲು ಬೆರೆಸಿದ ಟೀಯಂತಿತ್ತು. ಎಂಜಿನ್ನಿನ ಮೇಲ್ಭಾಗದ ಪ್ಯಾಕಿಂಗ್, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿ, ಎಂಜಿನ್ ತಣಿಸುವ ನೀರು ಆಯಿಲಿಗೆ ಇಳಿದಿತ್ತು.

"ದೋಣಿ ಬಿಡಲ್ಲ," ಅಂದರು.

"ಒಂದು ಟ್ರಿಪ್ ತಾನೆ, ಓಗ್ಬರ್ಲಿ ಬುಡ್ರೀ," ಎಂದು ದೋಣಿ ಗುತ್ತಿಗೆ ಹಿಡಿದಿದ್ದಾತ ರೇಗಿದ. ಬೊಮ್ಮಮ್ಮ ಎದೆ ಬಡಿದುಕೊಂಡರು: "ನನ್ ಮಗಳ ಮದ್ವೆ ಕೆಡ್ಸಾಕೇ ಬಂದ್ಯಾ ತಾಯಿ?"

ಶಹನಾಜ್ ಸ್ಪ್ಯಾನರ್ ತೆಗೆದು ಹೆಡ್ಡಿನ ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿದರು. ಬೈಗುಳ ಬೀಳುತ್ತಲೇ ಇತ್ತು. ಪುಟ್ಟ ಒಬ್ಬರೇ ಪಕ್ಕದಲ್ಲಿ ನಿಂತಿದ್ದರು. ಹೆಡ್ ಎತ್ತಿದಾಗ ಎರಡು ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಸುಟ್ಟು ಹೋಗಿತ್ತು. ಮದುವೆಯವರು ಎರಡು ಜೀಪು ಹುಡುಕಿ ರಸ್ತೆಯಲ್ಲಿ ಸುತ್ತಿಕೊಂಡು ಹೋದರು. ಮುಹೂರ್ತ ತಪ್ಪಿತು, ತಾಳಿ ಕಟ್ಟಿದ್ದು ಮಧ್ಯಾಹ್ನ.

ಜೀಪು ಹೊರಟು ಅರ್ಧ ಗಂಟೆಯಾಗಿರಲಿಲ್ಲ, ಬಿರುಗಾಳಿ ಎದ್ದಿತು. "ಏನ್ ಅಲೆ ಅಂತೀರಾ! ನಡ್ನೀರಲ್ಲಿ ಎಂಜಿನ್ ಕಚ್ಕಂಡು ನಿಂತೋಗಿದ್ರೆ ನಾನೇನ್ ಮಾಡ್ತಿದ್ದೆ ಸಾಮಿ?" ಎಂದು ಪುಟ್ಟ ಈಗಲೂ ಕೇಳುತ್ತಾರೆ. ಏನೂ ಆಗಲಿಲ್ಲ. ಆಗದ ಅನಾಹುತ ಸುದ್ದಿಯಾಗುವುದಿಲ್ಲ.

ಬೊಮ್ಮಮ್ಮ ಒಂದು ವರ್ಷ ಮಾತು ಬಿಟ್ಟರು. "ಅವ್ರ ತಪ್ಪಲ್ಲ. ತಾಯಿ ಕರ್ಳು," ಎನ್ನುತ್ತಾರೆ ಶಹನಾಜ್. ಮರುವರ್ಷ ಬಸುರಿ ಸುಮಿತ್ರಾ ಹೆರಿಗೆಗೆಂದು ತವರಿಗೆ ಹೊರಟಾಗ, ಕರೆತರಲು ಹೋಗಿದ್ದ ಬೊಮ್ಮಮ್ಮ ಆಚೆ ದಡದಲ್ಲಿ ದೋಣಿ ತಡೆದು ಪುಟ್ಟನನ್ನು ಕೇಳಿದ್ದು ಒಂದೇ ಮಾತು: "ಆ ಯಮ್ಮ ನೋಡವ್ಳಾ ಎಂಜಿನ್ನ?" ನೋಡಿದ್ದಾರೆ ಎಂದ ಮೇಲೆಯೇ ಮಗಳನ್ನು ಹತ್ತಿಸಿದರು. ಶಹನಾಜ್ ಈಗ ಉಳಿದುಕೊಳ್ಳುವುದು ಅದೇ ಬೊಮ್ಮಮ್ಮನ ಮನೆಯಲ್ಲಿ.

ಏಳಕ್ಕೆ ಐದು ನಿಮಿಷವಿದೆ. ಮುಚ್ಚಳ ಕೂತಿದೆ, ಎಂಜಿನ್ ಹತ್ತಿಕೊಂಡಿದೆ. ಕಣ್ಣು ಮುಚ್ಚಿ ಸದ್ದು ಆಲಿಸಿದ ಶಹನಾಜ್, ಕೈ ಒರೆಸಿಕೊಂಡು ಪ್ರಯಾಣಿಕರ ಹಲಗೆಯ ಮೇಲೆ ಕೂರುತ್ತಾರೆ. ಆಚೆ ಕೆಲಸವಿದೆಯೇ ಎಂದರೆ ಇಲ್ಲವಂತೆ. ಹೋಗಿ, ಇದೇ ದೋಣಿಯಲ್ಲಿ ವಾಪಸ್. ಈಜು ಬರುತ್ತದೆಯೇ ಎಂದು ಕೇಳುತ್ತೇನೆ.

ಅವರು ನಗುತ್ತಾರೆ. "ಬರಲ್ಲ ಕಣ್ರೀ. ಆದ್ರೂ ನಾನು ಬಿಚ್ಚಿ ಕಟ್ಟಿದ ಎಂಜಿನ್ ದೋಣೀಲಿ ಮೊದ್ಲು ಕೂರೋಳು ನಾನೇ."